ಹಾರ್ತ್‌ಸ್ಟೋನ್ ಆಟದ ಸಮತೋಲನ ಕುರಿತ ವಾದಗಳು

ಹಾರ್ತ್‌ಸ್ಟೋನ್ ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಸಂಸ್ಥೆಯು 2014ರ ಮಾರ್ಚ್ ತಿಂಗಳಲ್ಲಿ ಬಿಡುಗಡೆ ಮಾಡಿದ ಡಿಜಿಟಲ್ ಕಾರ್ಡ್ ಆಟ. ಇದನ್ನು ಅಂತರಜಾಲದ ಮೂಲಕ ಇಬ್ಬರು ಎದುರುಬದುರಾಗಿ ಆಡುತ್ತಾರೆ. ಆಟವು ಉಚಿತವಾದರೂ ಹೆಚ್ಚಿನ ಕಾರ್ಡುಗಳನ್ನು ಆಡಿ ಗಳಿಸಬೇಕು ಅಥವಾ ಹಣ ಕೊಟ್ಟು ಪಡೆಯಬೇಕು. ಯಾವ ಕಾರ್ಡು ಮಿತಿಮೀರಿ ಬಲಶಾಲಿಯಾಗಿದೆ, ಅದನ್ನು ಯಾವಾಗ ಬದಲಿಸಬೇಕು, ಬದಲಿಸಿದಾಗ ಅದನ್ನು ಗಳಿಸಿದವರಿಗೆ ಏನು ಸಲ್ಲಬೇಕು ಎಂಬ ಪ್ರಶ್ನೆಗಳು ಆರಂಭದಿಂದಲೂ ಆಟಗಾರರ ವಾದಕ್ಕೆ ಕಾರಣವಾಗಿವೆ. ಈ ವಾದಗಳಲ್ಲಿ ಎರಡು ಬೇರೆ ವಿಷಯಗಳು ಬೆರೆತಿರುತ್ತವೆ. ಪಂದ್ಯದೊಳಗೆ ಇಬ್ಬರಿಗೂ ಗೆಲ್ಲುವ ಅವಕಾಶ ಸಮನಾಗಿದೆಯೇ ಎಂಬುದು ಒಂದು. ಪಂದ್ಯಕ್ಕೆ ಬೇಕಾದ ಕಾರ್ಡುಗಳು ಎಲ್ಲರ ಕೈಗೂ ಎಟಕುತ್ತವೆಯೇ ಎಂಬುದು ಇನ್ನೊಂದು. ಒಂದನ್ನು ಸರಿಪಡಿಸುವ ಕ್ರಮವು ಕೆಲವೊಮ್ಮೆ ಇನ್ನೊಂದಕ್ಕೆ ಧಕ್ಕೆ ತಂದಿದೆ.

ಆಟದ ಸ್ವರೂಪ

ಪ್ರತಿ ಆಟಗಾರನು 30 ಕಾರ್ಡುಗಳ ಕಟ್ಟೊಂದನ್ನು ಮೊದಲೇ ಸಿದ್ಧಪಡಿಸಿಕೊಳ್ಳುತ್ತಾನೆ. ಇದಕ್ಕೆ ಡೆಕ್ ಎಂದು ಹೆಸರು. ಒಂದೇ ಕಾರ್ಡಿನ ಎರಡು ಪ್ರತಿಗಳನ್ನು ಮಾತ್ರ ಸೇರಿಸಬಹುದು. ಲೆಜೆಂಡರಿ ಎಂಬ ಅತಿ ವಿರಳ ದರ್ಜೆಯ ಕಾರ್ಡಾದರೆ ಒಂದನ್ನು ಮಾತ್ರ. ಆಟಗಾರನು ಆಯ್ದುಕೊಂಡ ನಾಯಕನಿಗೆ ಸಾಮಾನ್ಯವಾಗಿ 30 ಅಂಕಗಳ ಆಯುಸ್ಸು ಇರುತ್ತದೆ. ಎದುರಾಳಿಯ ನಾಯಕನ ಆಯುಸ್ಸನ್ನು ಸೊನ್ನೆಗೆ ಇಳಿಸಿದವನು ಗೆಲ್ಲುತ್ತಾನೆ. ಕಾರ್ಡುಗಳನ್ನು ಆಡಲು ಮಾನಾ ಎಂಬ ಶಕ್ತಿ ಬೇಕು. ಅದು ಪ್ರತಿ ಸರದಿಗೆ ಒಂದೊಂದರಂತೆ ಹೆಚ್ಚುತ್ತಾ 10ರವರೆಗೆ ಏರುತ್ತದೆ. ಆರಂಭದಲ್ಲಿ ನಾಯಕರ ವರ್ಗಗಳು ಒಂಬತ್ತಿದ್ದವು. 2020ರಲ್ಲಿ ಡೀಮನ್ ಹಂಟರ್, 2022ರಲ್ಲಿ ಡೆತ್ ನೈಟ್ ವರ್ಗಗಳು ಸೇರಿದವು.

ಮೊದಲು ಆಡುವವನಿಗೆ ಸಹಜವಾಗಿಯೇ ಅನುಕೂಲ ಹೆಚ್ಚು. ಅದನ್ನು ತೂಗಿಸಲು ಮೊದಲಿಗನಿಗೆ 3 ಕಾರ್ಡುಗಳನ್ನೂ ಎರಡನೆಯವನಿಗೆ 4 ಕಾರ್ಡುಗಳ ಜೊತೆಗೆ ಒಂದು ಸರದಿಯಲ್ಲಿ 1 ಮಾನಾ ಹೆಚ್ಚಿಸುವ ‘ದಿ ಕಾಯಿನ್’ ಎಂಬ ನಾಣ್ಯವನ್ನೂ ಕೊಡಲಾಗುತ್ತದೆ. ಸಮತೋಲನದ ಪ್ರಯತ್ನವು ಹೀಗೆ ಆಟದ ಮೂಲ ನಿಯಮಗಳಲ್ಲಿಯೇ ಅಡಕವಾಗಿದೆ.

ಸಮತೋಲನದ ಅಳತೆ

ಒಬ್ಬನ ಗೆಲುವು ಇನ್ನೊಬ್ಬನ ಸೋಲಾದುದರಿಂದ ಎಲ್ಲ ಪಂದ್ಯಗಳನ್ನು ಒಟ್ಟಿಗೆ ನೋಡಿದರೆ ಗೆಲುವಿನ ಪ್ರಮಾಣ ಯಾವಾಗಲೂ ಶೇ. 50 ಆಗಿರುತ್ತದೆ. ಒಂದು ಡೆಕ್ ಶೇ. 50ಕ್ಕಿಂತ ಎಷ್ಟು ಮೇಲಿದೆ ಎಂಬುದು ಅದರ ಬಲದ ಮೊದಲ ಸೂಚಕ. ಆದರೆ ಈ ಸಂಖ್ಯೆಯೊಂದೇ ಸಾಲದು. ವೇಗವಾಗಿ ದಾಳಿ ಮಾಡುವ ಡೆಕ್‌ಗಳು, ತಡೆದು ನಿಲ್ಲುವ ಡೆಕ್‌ಗಳು, ಕೆಲವು ಕಾರ್ಡುಗಳನ್ನು ಕೂಡಿಸಿ ಒಂದೇ ಸರದಿಯಲ್ಲಿ ಪಂದ್ಯ ಮುಗಿಸುವ ಡೆಕ್‌ಗಳು ಒಂದನ್ನೊಂದು ಸುತ್ತುವರಿದಂತೆ ಸೋಲಿಸುತ್ತವೆ. ಒಂದು ಡೆಕ್ ಕೆಲವಕ್ಕೆ ಸುಲಭವಾಗಿ ಸೋತು, ಉಳಿದವನ್ನು ನಿರ್ದಯವಾಗಿ ಸೋಲಿಸಿದರೂ ಅದರ ಸರಾಸರಿ ಸಾಧಾರಣವಾಗಿಯೇ ಕಾಣಬಹುದು.

ವೈಯಕ್ತಿಕ ಅನುಭವವೂ ದಾರಿ ತಪ್ಪಿಸಬಲ್ಲದು. ನಿಜವಾಗಿ ಸಮಬಲವಿರುವ ಡೆಕ್‌ನಿಂದ 100 ಪಂದ್ಯಗಳನ್ನು ಆಡಿದರೆ 40ರಿಂದ 60ರವರೆಗಿನ ಯಾವುದೇ ಸಂಖ್ಯೆಯ ಗೆಲುವು ಬರುವುದು ಸಂಭವನೀಯತೆಯ ಲೆಕ್ಕದಲ್ಲಿ ಸಹಜ. ಶೇ. 52 ಮತ್ತು ಶೇ. 50ರ ನಡುವಿನ ವ್ಯತ್ಯಾಸವನ್ನು ನಂಬಿಕೆಯಿಂದ ಗುರುತಿಸಲು ಎರಡು ಸಾವಿರಕ್ಕೂ ಹೆಚ್ಚು ಪಂದ್ಯಗಳು ಬೇಕಾಗುತ್ತವೆ. ಆದಕಾರಣ ಒಬ್ಬ ಆಟಗಾರನ ಒಂದು ವಾರದ ಅನುಭವವು ಯಾವ ಪಕ್ಷಕ್ಕೂ ಸಾಕ್ಷಿಯಾಗಲಾರದು. ಹಾಗೆಂದು ಅಂಕಿ-ಅಂಶವೇ ಕೊನೆಯ ಮಾತೂ ಅಲ್ಲ. ಒಂದೇ ಬಗೆಯ ಡೆಕ್ ಮತ್ತೆ ಮತ್ತೆ ಎದುರಾಗುವುದು, ಎದುರಾಳಿಯ ದೀರ್ಘ ಸರದಿಯನ್ನು ಏನೂ ಮಾಡಲಾಗದೆ ನೋಡುತ್ತ ಕೂರುವುದು ಇವು ಗೆಲುವಿನ ಪ್ರಮಾಣದಲ್ಲಿ ಕಾಣದಿದ್ದರೂ ಆಟದ ಸ್ವಾರಸ್ಯವನ್ನು ಕೆಡಿಸುತ್ತವೆ.

ಕಾರ್ಡುಗಳ ಬದಲಾವಣೆ

1993ರಲ್ಲಿ ಬಂದ ಮ್ಯಾಜಿಕ್: ದ ಗ್ಯಾದರಿಂಗ್‌ನಂತಹ ಮುದ್ರಿತ ಕಾರ್ಡ್ ಆಟಗಳಲ್ಲಿ ಆಟಗಾರನ ಕೈಯಲ್ಲಿರುವ ಕಾರ್ಡನ್ನು ತಿದ್ದಲು ಬರುವುದಿಲ್ಲ. ಅತಿಬಲದ ಕಾರ್ಡುಗಳನ್ನು ಸ್ಪರ್ಧೆಗಳಿಂದ ನಿಷೇಧಿಸುವುದು ಅಲ್ಲಿನ ಮುಖ್ಯ ಉಪಾಯ. ಡಿಜಿಟಲ್ ಆಟದಲ್ಲಿ ತಯಾರಕರು ಕಾರ್ಡಿನ ಬೆಲೆಯನ್ನೋ ಗುಣವನ್ನೋ ಎಲ್ಲರ ಸಂಗ್ರಹದಲ್ಲಿ ಒಮ್ಮೆಲೇ ಬದಲಿಸಬಹುದು. ಬಲ ಕುಗ್ಗಿಸುವುದನ್ನು ಆಟಗಾರರು ನರ್ಫ್ ಎಂದೂ ಹೆಚ್ಚಿಸುವುದನ್ನು ಬಫ್ ಎಂದೂ ಕರೆಯುತ್ತಾರೆ. ಹಾರ್ತ್‌ಸ್ಟೋನ್‌ನಲ್ಲಿ ಹೆಚ್ಚು ಚರ್ಚೆಗೊಳಗಾದ ಕೆಲವು ಪ್ರಸಂಗಗಳು ಹೀಗಿವೆ.

2014ರ ಸೆಪ್ಟೆಂಬರ್‌ನಲ್ಲಿ ಸ್ಟಾರ್ವಿಂಗ್ ಬಜರ್ಡ್ ಎಂಬ ಕಾರ್ಡಿನ ಬೆಲೆಯನ್ನು 2 ಮಾನಾದಿಂದ 5ಕ್ಕೆ ಏರಿಸಲಾಯಿತು. ಅನಂತರ ಆ ಕಾರ್ಡಿನ ಬಳಕೆ ಬಹುಮಟ್ಟಿಗೆ ನಿಂತಿತು. ಕಾರ್ಡನ್ನು ತಿದ್ದುವುದಕ್ಕೂ ಕೊಲ್ಲುವುದಕ್ಕೂ ಇರುವ ವ್ಯತ್ಯಾಸದ ಚರ್ಚೆ ಇಂತಹ ಬದಲಾವಣೆಗಳಿಂದ ಬೆಳೆಯಿತು.

2015ರ ಅಕ್ಟೋಬರ್‌ನಲ್ಲಿ ವಾರ್ಸಾಂಗ್ ಕಮಾಂಡರ್ ಕಾರ್ಡನ್ನು ಬದಲಿಸಲಾಯಿತು. ಕಡಿಮೆ ಬಲದ ಸೇವಕರು ಮೈದಾನಕ್ಕೆ ಇಳಿದ ಸರದಿಯಲ್ಲಿಯೇ ದಾಳಿ ಮಾಡುವಂತೆ ಇದು ಅನುವು ಮಾಡಿಕೊಡುತ್ತಿತ್ತು. ಪೆಟ್ಟು ತಿಂದು ಬದುಕಿದಾಗಲೆಲ್ಲ ತನ್ನಂತಹುದೇ ಇನ್ನೊಂದನ್ನು ಹುಟ್ಟಿಸುವ ಗ್ರಿಮ್ ಪೇಟ್ರನ್ ಕಾರ್ಡಿನೊಂದಿಗೆ ಇದನ್ನು ಕೂಡಿಸಿದ ಡೆಕ್ ಆ ವರ್ಷದ ಪ್ರಬಲ ಡೆಕ್‌ಗಳಲ್ಲಿ ಒಂದಾಗಿತ್ತು. ಅದನ್ನು ಚೆನ್ನಾಗಿ ಆಡಲು ಲೆಕ್ಕಾಚಾರ, ಅಭ್ಯಾಸ ಎರಡೂ ಬೇಕಿದ್ದುದರಿಂದ, ಕುಶಲತೆಗೆ ದಂಡ ವಿಧಿಸಿದಂತಾಯಿತೆಂದು ಒಂದು ಪಕ್ಷ ವಾದಿಸಿತು. ಎದುರಿಸುವವನಿಗೆ ಉತ್ತರವೇ ಇಲ್ಲದ ಡೆಕ್ ಎಷ್ಟು ಕುಶಲವಾದುದಾದರೂ ನ್ಯಾಯವಲ್ಲವೆಂಬುದು ಇನ್ನೊಂದು ಪಕ್ಷದ ನಿಲುವು.

2019ರ ಜೂನ್‌ನಲ್ಲಿ ಹಲವು ದುರ್ಬಲ ಕಾರ್ಡುಗಳ ಬಲವನ್ನು ಒಟ್ಟಿಗೆ ಹೆಚ್ಚಿಸಲಾಯಿತು. ಅವುಗಳಲ್ಲಿ ಒಂದಾದ ಲೂನಾಸ್ ಪಾಕೆಟ್ ಗ್ಯಾಲಕ್ಸಿ, ಡೆಕ್‌ನಲ್ಲಿ ಉಳಿದಿರುವ ಎಲ್ಲ ಸೇವಕರ ಬೆಲೆಯನ್ನು 1 ಮಾನಾಕ್ಕೆ ಇಳಿಸುವ ಮಂತ್ರ. ಇದರ ಬೆಲೆ 7ರಿಂದ 5ಕ್ಕೆ ಇಳಿದಾಗ ಅದು ಅತಿಬಲದ ಕಾರ್ಡಾಯಿತು; ಆಗಸ್ಟ್ ತಿಂಗಳಲ್ಲಿ ಮತ್ತೆ 7ಕ್ಕೆ ಏರಿಸಬೇಕಾಯಿತು. ಎರಡು ಮಾನಾದ ಅಂತರ ಎಷ್ಟು ದೊಡ್ಡದೆಂಬುದಕ್ಕೆ ಇದು ಉದಾಹರಣೆ.

2020ರ ಏಪ್ರಿಲ್‌ನಲ್ಲಿ ಡೀಮನ್ ಹಂಟರ್ ವರ್ಗವು ಬಂದ ಕೆಲವೇ ದಿನಗಳಲ್ಲಿ ಅದರ ಹಲವು ಕಾರ್ಡುಗಳ ಬಲವನ್ನು ಕುಗ್ಗಿಸಲಾಯಿತು. ಮೊದಲಿನ ವರ್ಷಗಳಲ್ಲಿ ಬದಲಾವಣೆ ತಡವಾಗಿ ಬರುತ್ತದೆಂಬ ದೂರು ಇತ್ತು. ಬದಲಾವಣೆ ಬೇಗ ಬರತೊಡಗಿದಾಗ, ಹೊಸ ಡೆಕ್‌ಗೆ ಉತ್ತರ ಹುಡುಕಲು ಆಟಗಾರರಿಗೆ ಕಾಲಾವಕಾಶವೇ ಸಿಗುವುದಿಲ್ಲ ಎಂಬ ದೂರು ಕೇಳಿಬಂತು.

ಅದೃಷ್ಟದ ಪಾತ್ರ

ಹಾರ್ತ್‌ಸ್ಟೋನ್‌ನ ಅನೇಕ ಕಾರ್ಡುಗಳ ಪರಿಣಾಮವನ್ನು ಮೊದಲೇ ಊಹಿಸಲಾಗದು. 2016ರಲ್ಲಿ ಬಂದ ಯಾಗ್-ಸರಾನ್ ಇದರ ಪ್ರಸಿದ್ಧ ನಿದರ್ಶನ. ಆಟಗಾರನು ಆ ಪಂದ್ಯದಲ್ಲಿ ಎಷ್ಟು ಮಂತ್ರಗಳನ್ನು ಬಳಸಿರುತ್ತಾನೋ ಅಷ್ಟು ಮಂತ್ರಗಳನ್ನು ಇದು ಮನಬಂದಂತೆ ಆರಿಸಿ, ಮನಬಂದ ಗುರಿಗಳ ಮೇಲೆ ಪ್ರಯೋಗಿಸುತ್ತಿತ್ತು. ಸೋಲುವ ಸ್ಥಿತಿಯಲ್ಲಿದ್ದವನು ಒಂದೇ ಕಾರ್ಡಿನಿಂದ ಗೆಲ್ಲಬಹುದಾದ ಕಾರಣ, ಬಹುಮಾನದ ಹಣವಿರುವ ಸ್ಪರ್ಧೆಗಳಲ್ಲಿ ಇದರ ಬಳಕೆ ವಿವಾದಕ್ಕೆಡೆಯಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಯಾಗ್-ಸರಾನ್ ನಡುವೆಯೇ ಮೈದಾನದಿಂದ ಇಲ್ಲವಾದರೆ ಮಂತ್ರಗಳೂ ನಿಲ್ಲುವಂತೆ ತಿದ್ದಲಾಯಿತು.

ಅದೃಷ್ಟದ ಪರವಾಗಿಯೂ ವಾದವಿದೆ. ಕಾರ್ಡುಗಳನ್ನು ಕಲಸಿ ಹಂಚುವ ಯಾವ ಆಟವೂ ಅದೃಷ್ಟದಿಂದ ಮುಕ್ತವಲ್ಲ. ಅದು ಹೊಸಬನಿಗೂ ಆಗಾಗ ಗೆಲುವನ್ನು ತಂದುಕೊಡುತ್ತದೆ. ನುರಿತವನು ಅನಿಶ್ಚಿತತೆಯನ್ನು ಅಳೆದು ಆಡುವುದರಿಂದ ಬಹಳ ಪಂದ್ಯಗಳಲ್ಲಿ ಮುಂದೆಯೇ ಉಳಿಯುತ್ತಾನೆ.

ಸಮತೋಲನದ ವೆಚ್ಚ

ಕಾರ್ಡುಗಳು ಮುಖ್ಯವಾಗಿ ಐದೈದರ ಪ್ಯಾಕ್‌ಗಳಲ್ಲಿ ಬರುತ್ತವೆ. ಒಳಗೇನಿದೆಯೆಂದು ತೆರೆಯುವವರೆಗೆ ತಿಳಿಯದು. ಬೇಡದ ಕಾರ್ಡನ್ನು ಒಡೆದರೆ ಡಸ್ಟ್ ಎಂಬ ಪುಡಿ ಸಿಗುತ್ತದೆ. ಆ ಪುಡಿಯಿಂದ ಬೇಕಾದ ಕಾರ್ಡನ್ನು ತಯಾರಿಸಿಕೊಳ್ಳಬಹುದು. ಲೆಜೆಂಡರಿ ಕಾರ್ಡೊಂದನ್ನು ತಯಾರಿಸಲು 1600 ಡಸ್ಟ್ ಬೇಕು. ಒಡೆದರೆ ಮರಳುವುದು 400 ಮಾತ್ರ. ಎಪಿಕ್ ದರ್ಜೆಯಲ್ಲಿ ಈ ಪ್ರಮಾಣ 400ಕ್ಕೆ 100, ರೇರ್ ದರ್ಜೆಯಲ್ಲಿ 100ಕ್ಕೆ 20.

ಒಂದು ಕಾರ್ಡಿನ ಬಲ ಕುಗ್ಗಿಸಿದಾಗ ಕೆಲ ಕಾಲ ಅದನ್ನು ಒಡೆದವರಿಗೆ ತಯಾರಿಕೆಯ ಪೂರ್ಣ ಡಸ್ಟ್ ಕೊಡುವ ಪದ್ಧತಿಯಿದೆ. ಆದರೆ ಇದು ಬದಲಾದ ಕಾರ್ಡಿಗೆ ಮಾತ್ರ ಅನ್ವಯಿಸುತ್ತದೆ. ಉದಾಹರಣೆಗೆ, ಎರಡು ಲೆಜೆಂಡರಿ ಕಾರ್ಡುಗಳಿಗೆ 3200 ಡಸ್ಟ್ ವ್ಯಯಿಸಿ ಕಟ್ಟಿದ ಡೆಕ್‌ನಲ್ಲಿ ಒಂದು ರೇರ್ ಕಾರ್ಡನ್ನಷ್ಟೇ ಬದಲಿಸಿದರೆ, ಅದರ ಎರಡು ಪ್ರತಿಗಳಿಗೆ 200 ಡಸ್ಟ್ ಮರಳುತ್ತದೆ. ಡೆಕ್ ಕುಸಿದು ಲೆಜೆಂಡರಿ ಕಾರ್ಡುಗಳು ಬೇಡವಾದರೆ ಅವುಗಳಿಂದ ಸಿಗುವುದು 800 ಮಾತ್ರ. ವಾರ್ಸಾಂಗ್ ಕಮಾಂಡರ್, ಸ್ಟಾರ್ವಿಂಗ್ ಬಜರ್ಡ್ ಕಾರ್ಡುಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತಿದ್ದ, ಒಡೆಯಲು ಬಾರದ ಮೂಲ ಕಾರ್ಡುಗಳಾಗಿದ್ದವು. ಅವುಗಳ ಬದಲಾವಣೆಗೆ ಡಸ್ಟ್ ಪರಿಹಾರದ ಪ್ರಶ್ನೆಯೇ ಬರಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಫೈರಿ ವಾರ್ ಆಕ್ಸ್ ಎಂಬ ಉಚಿತ ಕಾರ್ಡಿನ ಬೆಲೆಯನ್ನು 2ರಿಂದ 3ಕ್ಕೆ ಏರಿಸಿದಾಗಲೂ, ಹಣ ಕೊಡದೆ ಆಡುವವರ ಉತ್ತಮ ಕಾರ್ಡುಗಳೇ ಕಡಿಮೆಯಾಗುತ್ತಿವೆ ಎಂಬ ಆಕ್ಷೇಪ ಎದ್ದಿತು.

ಸ್ಟ್ಯಾಂಡರ್ಡ್ ಮಾದರಿ ಮತ್ತು ಮೂಲ ಕಾರ್ಡುಗಳು

2016ರ ಏಪ್ರಿಲ್‌ನಲ್ಲಿ ಸ್ಟ್ಯಾಂಡರ್ಡ್ ಎಂಬ ಆಟದ ಮಾದರಿ ಜಾರಿಗೆ ಬಂತು. ಇದರಲ್ಲಿ ಮೂಲ ಕಾರ್ಡುಗಳ ಜೊತೆ ಇತ್ತೀಚಿನ ಸಂಪುಟಗಳ ಕಾರ್ಡುಗಳನ್ನು ಮಾತ್ರ ಬಳಸಬಹುದು. ಹಳೆಯವು ವೈಲ್ಡ್ ಎಂಬ ಮಾದರಿಯಲ್ಲಿ ಉಳಿಯುತ್ತವೆ. ಹಳೆಯ ಅತಿಬಲದ ಕಾರ್ಡುಗಳು ತಾವಾಗಿಯೇ ಹಿಂದೆ ಸರಿಯುವುದರಿಂದ ಸಮತೋಲನ ಸುಲಭವಾಗುತ್ತದೆ. ಹೊಸಬನು ಎಲ್ಲ ಹಳೆಯ ಕಾರ್ಡುಗಳನ್ನು ಕೂಡಿಹಾಕಬೇಕಾಗಿಲ್ಲ. ಆದರೆ ಗಳಿಸಿದ ಕಾರ್ಡುಗಳಿಗೆ ಅವಧಿ ಕಟ್ಟಿದಂತಾಗಿ, ಪ್ರತಿ ವರ್ಷವೂ ಹೊಸ ವೆಚ್ಚ ಬರುತ್ತದೆ ಎಂಬುದು ಹಳೆಯ ಆಟಗಾರರ ಆಕ್ಷೇಪ.

ಮುಂದಿನ ವರ್ಷಗಳಲ್ಲಿ ಈ ಹೊರೆಯನ್ನು ಇಳಿಸುವ ಕ್ರಮಗಳು ಬಂದವು. 2017ರಲ್ಲಿ ಲೆಜೆಂಡರಿ ಕಾರ್ಡುಗಳಿಗೂ 2020ರಲ್ಲಿ ಎಲ್ಲ ದರ್ಜೆಗಳಿಗೂ, ಈಗಾಗಲೇ ಇರುವ ಕಾರ್ಡು ಪ್ಯಾಕ್‌ನಲ್ಲಿ ಮತ್ತೆ ಬಾರದಂತೆ ತಡೆಯುವ ನಿಯಮ ಜಾರಿಯಾಯಿತು. 2021ರಲ್ಲಿ ಹಳೆಯ ಮೂಲ ಕಾರ್ಡುಗಳ ಸ್ಥಾನದಲ್ಲಿ ಕೋರ್ ಎಂಬ ಉಚಿತ ಸಂಗ್ರಹ ಬಂತು. ಇದರ ಕಾರ್ಡುಗಳನ್ನು ಒಡೆದು ಡಸ್ಟ್ ಪಡೆಯಲಾಗದು. ತಯಾರಕರು ವರ್ಷಕ್ಕೊಮ್ಮೆ ಇವನ್ನು ಬದಲಿಸಬಹುದು. ಹಣ ಕೊಡದ ಆಟಗಾರನಿಗೂ ಬಳಸಬಹುದಾದ ಉತ್ತಮ ಕಾರ್ಡುಗಳು ಇದರಿಂದ ದೊರೆತವು. ಆದರೆ ಹೊಸ ಸಂಪುಟಗಳ ಕಾರ್ಡುಗಳನ್ನು ಇಂದಿಗೂ ಗಳಿಸಿಯೋ ಕೊಂಡೋ ಪಡೆಯಬೇಕಾಗಿರುವುದರಿಂದ, ಸಮತೋಲನದ ಪ್ರತಿ ಬದಲಾವಣೆಯ ಜೊತೆಗೆ ಅದರ ನಷ್ಟವನ್ನು ಯಾರು ಭರಿಸಬೇಕು ಎಂಬ ಪ್ರಶ್ನೆ ಉಳಿದುಕೊಂಡಿದೆ.