ಹ್ಯಾನ್ಸ್ ಮೈಕ್ ಆದ ಕಥೆ

ಅಮೆರಿಕದ ಹಳೇ ಕಾಮಿಕ್‌ಗಳ ಹುಚ್ಚು ನನಗೆ. ಅದರಲ್ಲೂ 'ಕ್ಯಾಟ್ಜೆನ್‌ಜಾಮರ್ ಕಿಡ್ಸ್' ಅಂದ್ರೆ ಪ್ರಾಣ. ಹ್ಯಾನ್ಸ್, ಫ್ರಿಟ್ಜ್ ಎಂಬ ಅವಳಿ ತರಲೆಗಳು 1897ರಲ್ಲಿ 'ನ್ಯೂಯಾರ್ಕ್ ಜರ್ನಲ್'ನಲ್ಲಿ ಕಾಣಿಸಿಕೊಂಡವು. ಬರೆದವನು ರುಡಾಲ್ಫ್ ಡರ್ಕ್ಸ್, ಜರ್ಮನಿಯಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಶಿಕಾಗೋಗೆ ಬಂದವನು.

ಈ ಹುಡುಗರ ಬೇರು ಇನ್ನೂ ಹಿಂದಿನದು. 1865ರಲ್ಲಿ ವಿಲ್ಹೆಲ್ಮ್ ಬುಶ್ ಬರೆದ ಜರ್ಮನ್ ಚಿತ್ರಕಥೆ 'ಮ್ಯಾಕ್ಸ್ ಉಂಡ್ ಮೊರಿಟ್ಸ್' ಇದೆಯಲ್ಲ, ಅದರ ಕೊನೆಯಲ್ಲಿ ತುಂಟರಿಬ್ಬರನ್ನೂ ಗಿರಣಿಗೆ ಹಾಕಿ ಬೀಸಿಬಿಡ್ತಾರೆ, ಬಾತುಕೋಳಿಗಳು ತಿಂದು ಮುಗಿಸುತ್ತವೆ! ಅಮೆರಿಕಕ್ಕೆ ಬಂದಮೇಲೆ ಶಿಕ್ಷೆ ಕುಂಡೆಗೆ ಬೀಳೋ ಏಟಿಗೆ ಇಳಿಯಿತು. ಮಾತು ಮಾತ್ರ ಜರ್ಮನ್ ಬೆರೆತ ಇಂಗ್ಲಿಷೇ. 'ವಿತ್' ಅನ್ನೋ ಕಡೆ 'ಮಿಟ್'. (ನಮ್ಮ ಕಂಗ್ಲಿಷ್ ನೆನಪಾಯ್ತಾ?) ಓದುಗರು ಇಪ್ಪತ್ತು ವರ್ಷ ನಕ್ಕರು.

1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧ ಸಾರಿತು. ಜರ್ಮನ್ನರ ಹುಳಿ ಎಲೆಕೋಸು, ಅದೇ ಸೌರ್‌ಕ್ರೌಟ್, 'ಲಿಬರ್ಟಿ ಕ್ಯಾಬೇಜ್' ಆಯ್ತು. 1918ರಲ್ಲಿ ನಮ್ಮ ಕಾಮಿಕ್ಕೂ 'ಶೆನಾನಿಗನ್ ಕಿಡ್ಸ್' ಆಯ್ತು. ಹ್ಯಾನ್ಸ್, ಫ್ರಿಟ್ಜ್ ಹೋಗಿ ಮೈಕ್, ಅಲೆಕ್ ಬಂದರು, ಮನೆಯವರೆಲ್ಲ ಡಚ್ಚರಂತೆ! ಮುಖ ಅದೇ, ತರಲೆ ಅದೇ. ಆಫೀಸಿನಲ್ಲಿ ಅರ್ಧ ಹೆಸರಿಟ್ಟುಕೊಂಡು ಓಡಾಡುವ ನನಗೆ ಇದು ಬರೀ ತಮಾಷೆ ಅನ್ನಿಸಲಿಲ್ಲ.

1920ರಲ್ಲಿ ಕಾಗದದ ಹುಡುಗರಿಗೆ ಹಳೇ ಹೆಸರು ವಾಪಸ್ ಸಿಕ್ಕಿತು. ನಿಜವಾದ ಮಕ್ಕಳಿಗೆ ಅಷ್ಟು ಬೇಗ ಸಿಗಲಿಲ್ಲ. ನೆಬ್ರಾಸ್ಕ ರಾಜ್ಯ 1919ರಲ್ಲಿ, ಎಂಟನೇ ಕ್ಲಾಸು ಮುಗಿಸದ ಮಕ್ಕಳಿಗೆ ಶಾಲೆಯಲ್ಲಿ ಪರಭಾಷೆ ಕಲಿಸೋದನ್ನೇ ನಿಷೇಧಿಸಿತ್ತು. ರಾಬರ್ಟ್ ಮೆಯರ್ ಎಂಬ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ್ದಕ್ಕೆ 25 ಡಾಲರ್ ದಂಡ ಬಿತ್ತು. ಮೇಷ್ಟ್ರು ಬಿಡಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋದರು. 1923ರಲ್ಲಿ ಗೆದ್ದರು.