ಕೊರಿಯಾ: ಒಪ್ಪಂದದಲ್ಲಿಲ್ಲದ ಅಣ್ವಸ್ತ್ರ ಕೊಡೆ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರಕ್ಕೂ ಉತ್ತರ ಕೊರಿಯಾದ ಗಡಿಗೂ ನಡುವಣ ಅಂತರ ಸುಮಾರು 50 ಕಿ.ಮೀ. ಮಾತ್ರ. ಗಡಿಯಾಚೆಯ ರಾಷ್ಟ್ರ 2006ರಿಂದ 2017ರ ನಡುವೆ ಆರು ಬಾರಿ ಅಣ್ವಸ್ತ್ರ ಪರೀಕ್ಷೆ ನಡೆಸಿದೆ. ಸ್ವಂತ ಅಣ್ವಸ್ತ್ರವಿಲ್ಲದ ದಕ್ಷಿಣ ಕೊರಿಯಾ ತನ್ನ ರಕ್ಷಣೆಗೆ ನೆಚ್ಚಿಕೊಂಡಿರುವುದು ಅಮೆರಿಕದೊಂದಿಗಿನ ಮೈತ್ರಿಯನ್ನು. ಆದರೆ ಈ ಮೈತ್ರಿಗೆ ಆಧಾರವಾದ ಒಪ್ಪಂದದಲ್ಲಿ ಅಣ್ವಸ್ತ್ರದ ಪ್ರಸ್ತಾಪವೇ ಇಲ್ಲ.

ಮೂರು ವರ್ಷಗಳ ಕೊರಿಯಾ ಯುದ್ಧ 1953ರ ಜುಲೈ 27ರಂದು ಪನ್‌ಮುನ್‌ಜೋಮ್‌ನಲ್ಲಿ ನಿಂತಿತು. ಅದು ಕದನವಿರಾಮವೇ ಹೊರತು ಶಾಂತಿ ಒಪ್ಪಂದವಲ್ಲ. ದಕ್ಷಿಣದ ಅಂದಿನ ಅಧ್ಯಕ್ಷ ಸಿಂಗ್‌ಮನ್ ರೀ ಅದಕ್ಕೆ ಸಹಿ ಹಾಕಲಿಲ್ಲ. ಅದನ್ನು ಕೆಡಿಸದೆ ಸುಮ್ಮನಿರಲು ಅವರು ಕೇಳಿದ ಬೆಲೆಯೇ ಅಮೆರಿಕದೊಂದಿಗಿನ ರಕ್ಷಣಾ ಒಪ್ಪಂದ. (ಯುದ್ಧಕೈದಿಗಳ ವಿಷಯದಲ್ಲಿ ಭಾರತದ ಪಾತ್ರವೂ ರೀ ಅವರಿಗೆ ರುಚಿಸಿರಲಿಲ್ಲ. ಸ್ವದೇಶಕ್ಕೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಕೆ.ಎಸ್.ತಿಮ್ಮಯ್ಯ ಅಧ್ಯಕ್ಷರಾಗಿದ್ದರು. ಭಾರತೀಯ ಯೋಧರು ತಮ್ಮ ನೆಲ ತುಳಿಯಕೂಡದೆಂದು ರೀ ಹಟ ಹಿಡಿದುದರಿಂದ ಅವರನ್ನು ಹಡಗಿನಿಂದ ಹೆಲಿಕಾಪ್ಟರ್‌ಗಳಲ್ಲಿ ನೇರವಾಗಿ ಸೇನಾರಹಿತ ವಲಯಕ್ಕೆ ಒಯ್ಯಬೇಕಾಯಿತು.)

ಪರಸ್ಪರ ರಕ್ಷಣಾ ಒಪ್ಪಂದಕ್ಕೆ 1953ರ ಅಕ್ಟೋಬರ್ 1ರಂದು ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು. 1954ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನ್ಯಾಟೋ ಒಪ್ಪಂದದಷ್ಟು ಬಿಗಿ ಇದರಲ್ಲಿಲ್ಲ. ದಾಳಿ ನಡೆದರೆ ಪ್ರತಿ ದೇಶವೂ ‘ತನ್ನ ಸಾಂವಿಧಾನಿಕ ಪ್ರಕ್ರಿಯೆಗಳಿಗೆ ಅನುಗುಣವಾಗಿ’ ವರ್ತಿಸುವುದೆಂದಷ್ಟೇ ಮೂರನೆಯ ವಿಧಿ ಹೇಳುತ್ತದೆ. ಒಂದು ವರ್ಷದ ಸೂಚನೆ ಕೊಟ್ಟು ಯಾರು ಬೇಕಾದರೂ ಹೊರನಡೆಯಬಹುದು.

ಒಪ್ಪಂದದ ಈ ಸಡಿಲವನ್ನು ತುಂಬಿದ್ದು ಶಸ್ತ್ರಾಸ್ತ್ರ. 1958ರಿಂದ 1991ರವರೆಗೆ ಅಮೆರಿಕ ತನ್ನ ಅಣ್ವಸ್ತ್ರಗಳನ್ನು ದಕ್ಷಿಣ ಕೊರಿಯಾದ ನೆಲದಲ್ಲೇ ಇರಿಸಿತ್ತು. ಆಗಲೂ ಸೋಲ್‌ಗೆ ಪೂರ್ಣ ನಂಬಿಕೆ ಇರಲಿಲ್ಲ. ಏಷ್ಯಾದ ಮಿತ್ರರು ತಮ್ಮ ರಕ್ಷಣೆಯ ಭಾರವನ್ನು ಹೆಚ್ಚಾಗಿ ತಾವೇ ಹೊರಬೇಕೆಂದ ನಿಕ್ಸನ್ 1971ರಲ್ಲಿ ಒಂದು ಸೇನಾ ವಿಭಾಗವನ್ನು ಹಿಂದಕ್ಕೆ ಕರೆಸಿಕೊಂಡಾಗ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಗುಟ್ಟಾಗಿ ಅಣ್ವಸ್ತ್ರ ಯೋಜನೆಗೆ ಕೈಹಾಕಿದರು. ಅಮೆರಿಕದ ಒತ್ತಡಕ್ಕೆ ಮಣಿದು 1975ರಲ್ಲಿ ದಕ್ಷಿಣ ಕೊರಿಯಾ ಪರಮಾಣು ಪ್ರಸರಣ ತಡೆ ಒಪ್ಪಂದವನ್ನು ಅನುಮೋದಿಸಿತು. ಫ್ರಾನ್ಸ್‌ನಿಂದ ಮರುಸಂಸ್ಕರಣಾ ಘಟಕ ಕೊಳ್ಳುವ ಯತ್ನವೂ ಮರುವರ್ಷ ಕೈಬಿಟ್ಟುಹೋಯಿತು. ‘ಅಣ್ವಸ್ತ್ರ ಕೊಡೆ’ಯ ಭರವಸೆ ಉಭಯ ದೇಶಗಳ ವಾರ್ಷಿಕ ರಕ್ಷಣಾ ಸಭೆಯ ಜಂಟಿ ಹೇಳಿಕೆಯಲ್ಲಿ ಬರಹರೂಪ ಪಡೆದದ್ದು 1978ರಲ್ಲಿ. ಅಂದರೆ ಅದು ಹೇಳಿಕೆ, ಕಾನೂನಲ್ಲ.

ಉತ್ತರ ಕೊರಿಯಾ 2017ರಲ್ಲಿ ಖಂಡಾಂತರ ಕ್ಷಿಪಣಿ ಹಾರಿಸಿದ ಮೇಲೆ ಲೆಕ್ಕಾಚಾರ ಬದಲಾಯಿತು. ಅಮೆರಿಕದ ನಗರಗಳೇ ಗುರಿಯಾಗಬಹುದಾದಾಗ ಸೋಲ್‌ಗಾಗಿ ವಾಷಿಂಗ್ಟನ್ ಆ ಅಪಾಯ ಮೈಮೇಲೆ ಎಳೆದುಕೊಳ್ಳುವುದೇ? ಪ್ಯಾರಿಸ್‌ಗಾಗಿ ನ್ಯೂಯಾರ್ಕನ್ನು ಪಣಕ್ಕಿಡುವಿರಾ ಎಂದು ಫ್ರಾನ್ಸ್‌ನ ಡಿ ಗಾಲ್ 1961ರಲ್ಲಿ ಕೆನಡಿಯನ್ನು ಕೇಳಿದ್ದೂ ಇದನ್ನೇ. ಫ್ರಾನ್ಸ್ ಸ್ವಂತ ಬಾಂಬಿನ ದಾರಿಯನ್ನು ಬಿಡಲಿಲ್ಲ. ದಕ್ಷಿಣ ಕೊರಿಯಾದ ಅಂದಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಕೂಡ 2023ರ ಜನವರಿಯಲ್ಲಿ ಅಂಥ ಸಾಧ್ಯತೆಯನ್ನು ಬಹಿರಂಗವಾಗಿ ಪ್ರಸ್ತಾಪಿಸಿದರು.

ಅದೇ ವರ್ಷ ಏಪ್ರಿಲ್ 26ರ ವಾಷಿಂಗ್ಟನ್ ಘೋಷಣೆ ಇದಕ್ಕೆ ಬೈಡನ್ ನೀಡಿದ ಉತ್ತರ. ಅದರನ್ವಯ ಪರಮಾಣು ಸಮಾಲೋಚನಾ ಸಮಿತಿ ರಚನೆಯಾಯಿತು. ಸೋಲ್ ಪ್ರಸರಣ ತಡೆ ಒಪ್ಪಂದಕ್ಕೆ ಬದ್ಧವೆಂದು ಪುನರುಚ್ಚರಿಸಿತು. ಜುಲೈನಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನು ಹೊರಬಲ್ಲ ‘ಕೆಂಟಕಿ’ ಜಲಾಂತರ್ಗಾಮಿ ಬುಸಾನ್ ಬಂದರಿಗೆ ಬಂತು. 1981ರ ನಂತರ ಅಂಥ ಭೇಟಿ ಅದೇ ಮೊದಲು. ಇಷ್ಟಾದರೂ ಸಮಿತಿಯಲ್ಲಿ ದಕ್ಷಿಣ ಕೊರಿಯಾಕ್ಕಿರುವುದು ಸಮಾಲೋಚನೆಯ ಹಕ್ಕು ಮಾತ್ರ. ಅಣ್ವಸ್ತ್ರ ಪ್ರಯೋಗದ ನಿರ್ಧಾರ ಅಮೆರಿಕದ ಅಧ್ಯಕ್ಷರದೇ.

ಸಾಂಪ್ರದಾಯಿಕ ಯುದ್ಧದಲ್ಲೂ ಸ್ಥಿತಿ ಬಹಳ ಭಿನ್ನವಲ್ಲ. ಯುದ್ಧಕಾಲದಲ್ಲಿ ಜಂಟಿ ಪಡೆಗಳನ್ನು ನಡೆಸುವವರು ಅಮೆರಿಕದ ಜನರಲ್. ಈ ಅಧಿಕಾರವನ್ನು 2012ರಲ್ಲಿ ಸೋಲ್‌ಗೆ ಹಸ್ತಾಂತರಿಸುವುದೆಂದು 2007ರಲ್ಲಿ ನಿಶ್ಚಯವಾಗಿತ್ತು. ಅದು 2015ಕ್ಕೆ ಮುಂದೆ ಹೋಯಿತು. 2014ರಲ್ಲಿ ದಿನಾಂಕವನ್ನೇ ಕೈಬಿಟ್ಟು, ಷರತ್ತುಗಳು ಪೂರೈಸಿದಾಗ ಎಂದು ಬರೆದುಕೊಳ್ಳಲಾಯಿತು.