ನೇಗಿಲಿಗೆ ಸಿಕ್ಕ ನಾಣ್ಯ ಯಾರದು?

1992ರಲ್ಲಿ ಇಂಗ್ಲೆಂಡಿನ ಹಾಕ್ಸನ್ ಗ್ರಾಮದ ಹೊಲದಲ್ಲಿ ಕಳೆದ ಸುತ್ತಿಗೆಯನ್ನು ಲೋಹಶೋಧಕ ಹಿಡಿದು ಹುಡುಕುತ್ತಿದ್ದವನಿಗೆ ರೋಮನ್ ನಾಣ್ಯಗಳ ನಿಧಿ ದೊರೆಯಿತು. ಆತ ಎಲ್ಲವನ್ನೂ ತಾನೇ ಅಗೆಯದೆ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಪ್ರಾಕ್ತನ ತಜ್ಞರು ಬಂದು ತೆಗೆದಾಗ ಸುಮಾರು 15,000 ನಾಣ್ಯಗಳಿದ್ದವು. ಆತನಿಗೆ ಬಹುಮಾನವೂ ಸಂದಿತು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿಯ ಎರೆಹೊಲಗಳೇನು ಬರಿದೇ? 1347ರಲ್ಲಿ ಸ್ಥಾಪನೆಯಾಗಿ ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನರು ಚಿನ್ನ, ಬೆಳ್ಳಿ, ತಾಮ್ರದ ನಾಣ್ಯ ಟಂಕಿಸಿದರು. ಭೀಮಾ ತೀರದ ಸನ್ನತಿಯಲ್ಲಿ ಅದಕ್ಕೂ ಸಾವಿರ ವರ್ಷ ಹಿಂದಿನ ಶಾತವಾಹನರ ಸೀಸದ ನಾಣ್ಯಗಳು ಸಿಕ್ಕಿವೆ.

ಸಿಕ್ಕದ್ದು ಅಕ್ಕಸಾಲಿಗನ ಕುಲುಮೆ ಸೇರಿದರೆ ಉಳಿಯುವುದು ಲೋಹದ ಬೆಲೆ ಮಾತ್ರ. ಯಾವ ದೊರೆ, ಯಾವ ಕಾಲ, ಯಾವ ವ್ಯಾಪಾರ ಎಂಬುದೆಲ್ಲ ಕರಗಿಹೋಗುತ್ತದೆ. ನಿಧಿ ಕುರಿತ 1962ರ ಕರ್ನಾಟಕ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಾಣ್ಯ ಸಿಕ್ಕ ಜಾಗವೇ ಅರ್ಧ ಇತಿಹಾಸ.